ಟ್ಯಾರೋ ಕಾರ್ಡಿನಲ್ಲಿ ಪೋಪ್ ಯಾಕಿದ್ದಾರೆ?

ಪ್ರಶ್ನೆ: ಯುರೋಪಿನ ಮಾಟಮಂತ್ರದ ಪುಸ್ತಕಗಳು ಕ್ಯಾಥೊಲಿಕ್ ಚರ್ಚಿಗೆ ವಿರುದ್ಧ ಅಂತಾರೆ. ಹಾಗಿದ್ದರೆ ಟ್ಯಾರೋ ಕಾರ್ಡಿನಲ್ಲಿ ಪೋಪ್ ಯಾಕಿದ್ದಾರೆ?

ಇವತ್ತು ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳು ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ನಮ್ಮ ಇಸ್ಪೀಟಿನ ಹಾಗೆ ಬರೀ ಆಟವಾಗಿ. ಅಲ್ಲಿನವರ ಲೋಕದಲ್ಲಿದ್ದ ರಾಜ, ಪೋಪ್, ಸಾವು ಎಲ್ಲವೂ ಎಲೆಗಳ ಮೇಲೆ ಬಂದವು. ಮಂತ್ರವಿದ್ಯೆ ಅದಕ್ಕೆ ಅಂಟಿಕೊಂಡಿದ್ದು 18ನೇ ಶತಮಾನದಲ್ಲಿ.

ಆದರೆ ಆ ವಿದ್ಯೆ ಚರ್ಚಿನ ಶತ್ರುಗಳದ್ದು ಅನ್ನೋದನ್ನು ನಾನು ಒಪ್ಪಲ್ಲ. ಅದರ ಬಹುಪಾಲು ಚರ್ಚಿನ ಒಳಗಿಂದಲೇ ಬಂದದ್ದು. ಮಧ್ಯಯುಗದಲ್ಲಿ ಲ್ಯಾಟಿನ್ ಓದಬಲ್ಲವರು ಹೆಚ್ಚಾಗಿ ಪಾದ್ರಿಗಳೇ ಅಲ್ವಾ? ಪಾದ್ರಿಯಾಗಲು ಹೊರಟವರಿಗೆ ದಾರಿಯಲ್ಲೇ 'ದೆವ್ವ ಬಿಡಿಸುವವ' ಅನ್ನೋ ದರ್ಜೆಯೂ ಸಿಗುತ್ತಿತ್ತು. ಅದರ ಮಂತ್ರಗಳ ಪುಸ್ತಕವನ್ನು ಅವರ ಕೈಗೇ ಕೊಡುತ್ತಿದ್ದರು. ದೆವ್ವವನ್ನು ಓಡಿಸುವ ಮಾತು ಗೊತ್ತಿದ್ದವರಿಗೆ ಕರೆಯುವ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಪೋಪ್ ಹೊನೊರಿಯಸ್ ಹೆಸರು ಹಚ್ಚಿದ ಒಂದು ಮಂತ್ರಪುಸ್ತಕವಂತೂ ಮೊದಲು ಉಪವಾಸ ಮಾಡು, ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸ ಇಟ್ಟು ಚರ್ಚಿನಲ್ಲಿ ಮಾಡುವ ಪೂಜೆ) ಅರ್ಪಿಸು ಅನ್ನುತ್ತದೆ.

ಇದರ ಬೇರು ಚರ್ಚಿನ 'ಸಂಸ್ಕಾರ'ದ, ಅಂದರೆ ದೇವರ ಕೃಪೆ ತರುವ ವಿಧಿಯ ಕಲ್ಪನೆಯಲ್ಲಿದೆ. ಕಣ್ಣಿಗೆ ಕಾಣುವ ವಸ್ತು, ಸರಿಯಾದ ಮಾತು, ದೀಕ್ಷೆ ಪಡೆದ ಮನುಷ್ಯ. ಮೂರೂ ಕೂಡಿದರೆ ರೊಟ್ಟಿ ನಿಜವಾಗಿಯೂ ಕ್ರಿಸ್ತನ ಶರೀರವಾಗುತ್ತದೆ, ಅದು ಬರೀ ಗುರುತಲ್ಲ, ಅನ್ನೋದು ಕ್ಯಾಥೊಲಿಕ್ ನಂಬಿಕೆ. ಮಾಂತ್ರಿಕರು ಎತ್ತಿಕೊಂಡಿದ್ದು ಇದೇ ಲೆಕ್ಕವನ್ನು.

ಎಲಿಫಾಸ್ ಲೆವಿಯನ್ನೇ ನೋಡಿ. ಆಧುನಿಕ ಮಂತ್ರವಿದ್ಯೆಗೆ ಇವನಷ್ಟು ರೂಪ ಕೊಟ್ಟವರು ಕಡಿಮೆ. ಹುಟ್ಟಿದ್ದು 1810ರಲ್ಲಿ, ಪ್ಯಾರಿಸ್ಸಿನ ಬಡ ಚಮ್ಮಾರನ ಮಗನಾಗಿ. ಓದಿದ್ದು ಪಾದ್ರಿಗಳನ್ನು ತಯಾರು ಮಾಡುವ ಸೇಂಟ್ ಸುಲ್ಪೀಸ್ ಸೆಮಿನರಿಯಲ್ಲಿ. 1835ರಲ್ಲಿ ಡೀಕನ್ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ದರ್ಜೆ) ಆದ, ಮರುವರ್ಷ ಪಾದ್ರಿ ದೀಕ್ಷೆಗೆ ಮುಂಚೆಯೇ ಹೊರಬಂದ. 1850ರ ದಶಕದಲ್ಲಿ ಬರೆದ ದೊಡ್ಡ ಪುಸ್ತಕದ ಎರಡೂ ಭಾಗಗಳಲ್ಲಿ 22 ಅಧ್ಯಾಯ ಇಟ್ಟ. ಹೀಬ್ರೂ ಅಕ್ಷರ 22, ಟ್ಯಾರೋದ ದೊಡ್ಡ ಎಲೆಗಳೂ 22. ಅದರಲ್ಲಿ ನನ್ನನ್ನು ಬಹಳ ಕಾಡುವ ಚಿತ್ರವೊಂದಿದೆ. ಪಾದ್ರಿಯ ಕೈ ಆಶೀರ್ವಾದಕ್ಕೆ ಎದ್ದಿದೆ. ಹಿಂದೆ ಬಿದ್ದ ಅದರ ನೆರಳು ಕೊಂಬಿರುವ ಸೈತಾನನ ತಲೆ! ಆಶೀರ್ವಾದ, ಶಾಪ ಎರಡಕ್ಕೂ ಒಂದೇ ಕೈ. ಆ ಕೈಯನ್ನು ಹತ್ತಿರದಿಂದ ಕಂಡವನಿಗೇ ಇದು ಹೊಳೆಯಲು ಸಾಧ್ಯ.

ಲೆವಿಯನ್ನು ಇಂಗ್ಲಿಷಿಗೆ ತಂದ ಆರ್ಥರ್ ಎಡ್ವರ್ಡ್ ವೇಟ್ ಕೂಡ ಕ್ಯಾಥೊಲಿಕ್ಕನಾಗಿ ಬೆಳೆದವನು. 1909ರ ಹೆಸರಾಂತ ಟ್ಯಾರೋ ಅವನದೇ. ಅದರಲ್ಲಿ ಪೋಪ್ ಹೆಸರು 'ಹೈರೋಫಂಟ್', ಅಂದರೆ ಪವಿತ್ರ ರಹಸ್ಯ ತೋರಿಸುವ ಗುರು, ಅಂತ ಬದಲಾಯಿತು. ಆದರೆ ಮೂರು ಸುತ್ತಿನ ಕಿರೀಟ ಹಾಗೇ ಇದೆ. ಕಾಲ ಬಳಿ ಅಡ್ಡಡ್ಡ ಇಟ್ಟ, ಪೋಪ್ ಪದವಿಯ ಗುರುತಾದ ಸಂತ ಪೇತ್ರನ ಕೀಲಿಗಳಿವೆ. ನೆತ್ತಿ ಬೋಳಿಸಿಕೊಂಡ ಇಬ್ಬರು ಪಾದ್ರಿಗಳು ಮುಂದೆ ಮಂಡಿಯೂರಿದ್ದಾರೆ. ಆಶೀರ್ವಾದದ ಕೈಯೂ ಎದ್ದೇ ಇದೆ. ಅದನ್ನು ಬರೆದ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಎರಡು ವರ್ಷದ ನಂತರ ಕ್ಯಾಥೊಲಿಕ್ ಚರ್ಚಿಗೆ ಸೇರಿದರು.