ಶೇಂಗಾ ಸುಲಿಯುವ ಹೆಬ್ಬೆರಳು

ಆರಿದ್ರಾ ಮಳೆಗೆ ಮುಂಚೆ ಚಳ್ಳಕೆರೆ ಸೀಮೆಯ ಜಗುಲಿಗಳಲ್ಲಿ ಚಟಚಟ ಸದ್ದು ಶುರುವಾಗುತ್ತದೆ. ಅದು ಬಿತ್ತನೆಗೆ ಶೇಂಗಾ ಸುಲಿಯುವ ಸದ್ದು. ಮಿಷನ್ನಿಗೆ ಹಾಕಿದರೆ ಕೆಲವು ಬೀಜ ಹೋಳಾಗುತ್ತವೆ, ಕೆಲವುಗಳ ಕೆಂಪು ಸಿಪ್ಪೆ ಕಿತ್ತುಹೋಗುತ್ತದೆ, ಅಂಥವು ಸರಿಯಾಗಿ ಮೊಳೆಯುವುದಿಲ್ಲ. ಹಾಗಾಗಿ ಕೈಯಲ್ಲೇ ಸುಲಿಯುವವರು ಈಗಲೂ ಇದ್ದಾರೆ, ಹೆಚ್ಚಿನವರು ಹೆಂಗಸರು. ಅಂಥದೊಂದು ಜಗುಲಿಯ ಮೇಲೆ ನಾನು ಕೂತಿದ್ದೆ. ಎದುರಿಗಿದ್ದ ಅಜ್ಜಿಗೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ವಿಪರೀತ ನೋವು. ಮುಲಾಮು ಹಚ್ಚಿದ್ದಾಗಿತ್ತು, ಮಾತ್ರೆ ನುಂಗಿದ್ದಾಗಿತ್ತು. "ಕೈಗೆ ರೆಸ್ಟ್ ಕೊಡಿ" ಅಂತಲೂ ಯಾರೋ ಹೇಳಿದ್ದರಂತೆ. "ರೆಸ್ಟ್ ಕೊಟ್ರೆ ಬಿತ್ತೋದು ಯಾವಾಗವ್ವಾ?" ಎಂದು ಕೇಳಿದರು.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಆಕ್ಯುಪೇಷನ್ ಅಂದರೆ ಇಲ್ಲಿ ನೌಕರಿಯಲ್ಲ, ಹಲ್ಲುಜ್ಜುವುದರಿಂದ ಹೊಲದ ಕೆಲಸದವರೆಗೆ ದಿನವನ್ನು ತುಂಬುವ ಎಲ್ಲವೂ. ಅವನ್ನು ಮಾಡಲು ಕಷ್ಟವಾದವರಿಗೆ ಮತ್ತೆ ಮಾಡುವ ದಾರಿ ಹುಡುಕಿಕೊಡುವುದು ನಮ್ಮ ಕೆಲಸ. ನಮ್ಮ 'ಕಾಯಕ' ಎಂಬ ಮಾತು ಇದಕ್ಕೆ ಹತ್ತಿರ, ಅದರೊಳಗೆ ಕಾಯವೂ ಇದೆ. 1917ರಲ್ಲಿ ಅಮೆರಿಕದಲ್ಲಿ ಈ ವೃತ್ತಿಯವರ ಮೊದಲ ಸಂಘ ಹುಟ್ಟಿತು. ಭಾರತದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಆರಂಭಿಸಿದರು. ಪಾರ್ಶ್ವವಾಯು ಹೊಡೆದವರು, ಆಟಿಸಂ ಇರುವ ಮಕ್ಕಳು, ಕೈಗೆ ಪೆಟ್ಟಾದವರು ನಮ್ಮಲ್ಲಿಗೆ ಬರುವುದು ವಾಡಿಕೆ. ಆದರೆ ನೋವು ಹುಟ್ಟುವ ಜಾಗಕ್ಕೆ ನಾವೇ ಹೋಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಆಸ್ಪತ್ರೆಯ ಮೇಜಿನ ಮೇಲೆ ಇಟ್ಟ ಕೈ ತಾನು ಏನು ಮಾಡಿ ಬಂದೆ ಅಂತ ಹೇಳುವುದಿಲ್ಲ.

ಅಜ್ಜಿ ಸುಲಿಯುವುದನ್ನು ಅರ್ಧ ಗಂಟೆ ನೋಡಿದೆ. ಕಾಯಿಯ ತುದಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಿಕ್ಕಿಸಿ ಒತ್ತುತ್ತಾರೆ. ಹೆಬ್ಬೆರಳು ಮಣಿಕಟ್ಟನ್ನು ಸೇರುವ ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು. ಬೆರಳು ಎಲ್ಲ ಕಡೆಗೂ ತಿರುಗಲು ಅದೇ ಕಾರಣ, ಬೇಗ ಸವೆಯುವುದಕ್ಕೂ ಅದೇ ಕಾರಣ. ಬೆರಳತುದಿಯಲ್ಲಿ 1 ಕೆಜಿ ಬಲದಿಂದ ಚಿವುಟಿದರೆ ಈ ಕೀಲಿನ ಮೇಲೆ ಸುಮಾರು 12 ಕೆಜಿಯಷ್ಟು ಒತ್ತಡ ಬೀಳುತ್ತದೆ. ಬಾಗಿಲನ್ನು ಚಿಲಕದ ಕಡೆ ಬಿಟ್ಟು ಕೀಲಿನ ಪಕ್ಕದಲ್ಲಿ ತಳ್ಳಿ ನೋಡಿ, ಎಷ್ಟು ಬಲ ಬೇಕಾಗುತ್ತದೆ! ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು, ಅಂದರೆ ಸ್ನಾಯುರಜ್ಜುಗಳು, ಮೂಳೆಗೆ ಅಂಟಿಕೊಂಡಂತೆ ಹಾದುಹೋಗುವುದರಿಂದ ಅವುಗಳ ಪಾಡೂ ಅದೇ. ತುದಿಯಲ್ಲಿ ಸ್ವಲ್ಪ ಒತ್ತು ಹುಟ್ಟಿಸಲು ಬುಡದಲ್ಲಿ ಹಲವು ಪಟ್ಟು ಜಗ್ಗಬೇಕು. ಆ ಜಗ್ಗಾಟವೆಲ್ಲ ಒಂದು ಪುಟ್ಟ ಕೀಲಿನ ಮೇಲೆ, ದಿನಕ್ಕೆ ಸಾವಿರಾರು ಸಲ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಈ ಕೀಲಿನ ಸಂಧಿವಾತ ಹೆಚ್ಚು ಅನ್ನುವುದೂ ಸೇರಿಕೊಂಡಿತು.

ಇದೇ ಗುಣಾಕಾರ ನಮ್ಮ ಪರವಾಗಿಯೂ ದುಡಿಯುತ್ತದೆ. ತುದಿಯಲ್ಲಿ ಕಾಲು ಕೆಜಿ ಉಳಿಸಿದರೆ ಬುಡದಲ್ಲಿ 3 ಕೆಜಿ ಉಳಿಯಿತು. ಕಾಯಿಗೆ ನೀರು ಚಿಮುಕಿಸಿ ಗೋಣಿಚೀಲ ಮುಚ್ಚಿಟ್ಟೆವು, ಸಿಪ್ಪೆ ಮೆತ್ತಗಾಯಿತು. ಹಲಗೆಯ ಮೇಲೆ ಕಾಯಿ ಇಟ್ಟು ಸಣ್ಣ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಬಿರುಕು ಬಿಡಿಸಿದರೆ ಬೆರಳಿಗೆ ಬಿಡಿಸಿ ತೆಗೆಯುವ ಕೆಲಸ ಮಾತ್ರ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯಿಂದ ಬುಡಕ್ಕೆ ಸ್ಪ್ಲಿಂಟ್, ಅಂದರೆ ಕೀಲನ್ನು ಅಲುಗದಂತೆ ಹಿಡಿದಿಡುವ ಆಸರೆ, ಮಾಡಿಕೊಟ್ಟೆ. ಅದು ಅಜ್ಜಿಗೆ ಒಗ್ಗಲಿಲ್ಲ. ಬೆವರುತ್ತದೆ, ಹಿಟ್ಟು ನಾದುವಾಗ ಅಂಟುತ್ತದೆ ಅಂದರು. ತಪ್ಪು ನನ್ನದೇ, ರೊಟ್ಟಿ ತಟ್ಟುವುದನ್ನು ನಾನು ನೋಡಿರಲಿಲ್ಲ. ಎರಡನೇ ಸಲ ಹೋದಾಗ ಬೆಳಗ್ಗೆಯೇ ಅಡುಗೆಮನೆಯಲ್ಲಿ ಕೂತೆ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತಾಸುಗಟ್ಟಲೆ ಕತ್ತು ಬಗ್ಗಿಸುತ್ತಾರೆ. 4–5 ಕೆಜಿ ತೂಕದ ತಲೆ ಮುಂದಕ್ಕೆ ವಾಲಿದಷ್ಟೂ ಕತ್ತಿನ ಹಿಂದಿನ ಸ್ನಾಯುಗಳು ಅದನ್ನು ಹಿಡಿದಿಡಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬಿಸಿ ಮರಳಿನ ಮುಂದೆ ನಿಲ್ಲುವವರಿಗೆ ಬೆವರಿನ ಲೆಕ್ಕವೇ ಬೇರೆ. ಅಲ್ಲೆಲ್ಲ ಮೊದಲು ಬೇಕಾದ್ದು ಕೂತು ನೋಡುವ ಸಮಯ.

ಅಜ್ಜಿಗೆ ಈಗ ಹತ್ತಿಯ ಪಟ್ಟಿಯಿಂದ ಹೊಲಿದ ಕಟ್ಟು ಇದೆ, ತೊಳೆದು ಒಣಗಿಸಬಹುದು. ರೊಟ್ಟಿ ತಟ್ಟುವಾಗ ಬಿಚ್ಚುತ್ತಾರೆ, ಶೇಂಗಾ ಸುಲಿಯುವಾಗ ಕಟ್ಟಿಕೊಳ್ಳುತ್ತಾರೆ. ಪಕ್ಕದ ಮನೆಯಾಕೆ ಅದನ್ನು ನೋಡಿ ತನಗೂ ಒಂದು ಬೇಕೆಂದರು. ಅವರು ಸುಲಿಯುವುದು ಎಡಗೈಯಲ್ಲಿ, ಹಾಗಾಗಿ ಆ ಜಗುಲಿಯಲ್ಲೂ ಅರ್ಧ ಗಂಟೆ ಕೂರಬೇಕಿದೆ.