ಹಸು ಮರ ಮುಟ್ಟಿರಲಿಲ್ಲ

ಏಪ್ರಿಲ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ನನಗೆ ಫೋನ್ ಶುರು. "ಸಿಡಿಲು ಬಡಿದಿದ್ದು ಮರಕ್ಕೆ. ನಮ್ಮನೆ ಮುಟ್ಟೇ ಇಲ್ಲ ಮಾರಾಯ್ರೆ. ಮತ್ತೆ ಪಂಪ್ ಹೇಗೆ ಸುಟ್ಟಿತು?" ಅರ್ಥಿಂಗ್ ಕೆಲಸದಲ್ಲಿ ಇಷ್ಟು ವರ್ಷ ಕಳೆದರೂ ಈ 'ಮುಟ್ಟಿಲ್ಲ' ಅನ್ನುವ ಮಾತು ಕೇಳಿದರೆ ಸಂಕಟವಾಗುತ್ತದೆ.

ವಿದ್ಯುತ್ ಚಾರ್ಜ್ ಮುಟ್ಟಿಯೇ ಕೆಲಸ ಮಾಡಬೇಕೆಂದಿಲ್ಲ. ಅದರ ಸುತ್ತ ವಿದ್ಯುತ್ ಕ್ಷೇತ್ರ ಇರುತ್ತದೆ. ಗುಡುಗು ಮೋಡದ ತಳದಲ್ಲಿ ಸಾಮಾನ್ಯವಾಗಿ ಋಣ ಚಾರ್ಜ್ ಕೂಡಿರುತ್ತದೆ. ಅದು ಕೆಳಗಿನ ನೆಲದ ಎಲೆಕ್ಟ್ರಾನುಗಳನ್ನು ದೂರ ತಳ್ಳುತ್ತದೆ. ಗುಡ್ಡೆ, ಅಡಿಕೆ ಮರದ ತುದಿ, ಅಂಗಳದಲ್ಲಿ ನಿಂತ ನೀವು, ಎಲ್ಲದರ ಮೇಲೂ ಧನ ಚಾರ್ಜ್ ಉಳಿಯುತ್ತದೆ. ಸಿಡಿಲು ಇನ್ನೂ ಬಿದ್ದೇ ಇಲ್ಲ! ಆಗ ತೋಳಿನ ರೋಮ ನೆಟ್ಟಗೆ ನಿಂತರೆ, ಒಂದೇ ಜಾತಿಯ ಚಾರ್ಜ್ ಇರುವ ರೋಮಗಳು ಒಂದನ್ನೊಂದು ತಳ್ಳುತ್ತಿವೆ ಅಂತ ಅರ್ಥ. ಒಣಹಾಕಿದ ಬಟ್ಟೆ ತೆಗೆಯುತ್ತಾ ನಿಲ್ಲಬೇಡಿ, ಒಳಗೆ ಓಡಿ.

ಬಿದ್ದ ಮೇಲಿನದು ಇನ್ನೊಂದು ಕಥೆ. ಒಬ್ಬರ ಹಲಸಿನ ಮರಕ್ಕೆ ಸಿಡಿಲು ಬಡಿದು, ಹತ್ತು ಮೀಟರ್ ಆಚೆ ಗೂಟಕ್ಕೆ ಕಟ್ಟಿದ್ದ ಹಸು ಸತ್ತಿತು. ಅಷ್ಟೇ ದೂರದಲ್ಲಿದ್ದ ಯಜಮಾನರು ಕಾಲು ಜೋಮು ಹಿಡಿದು ಬಿದ್ದರು, ಬದುಕಿದರು. ಹಗ್ಗ ಹಿಡಿದುಕೊಂಡೇ ಅತ್ತರು, "ಅದು ಮರ ಮುಟ್ಟಿರಲಿಲ್ಲ" ಅಂತ.

ಸಿಡಿಲಿನ ಕರೆಂಟ್ ಬೇರಿನಿಂದ ನೆಲದಲ್ಲಿ ಹರಡುತ್ತದೆ. ಮರದಿಂದ ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ. 30,000 ಆಂಪಿಯರ್, ಸಾಧಾರಣ ಒದ್ದೆ ಮಣ್ಣು ಅಂತ ಹಿಡಿದರೆ, ಅಲ್ಲಿ ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಸುಮಾರು 6,000 ವೋಲ್ಟ್ ವ್ಯತ್ಯಾಸ. ಅರ್ಧ ಮೀಟರ್ ಕಾಲು ಅಗಲಿಸಿದ ಮನುಷ್ಯನಿಗೆ 2,000ಕ್ಕೂ ಸ್ವಲ್ಪ ಜಾಸ್ತಿ. ಒಣ ಜಂಬಿಟ್ಟಿಗೆ ನೆಲವಾದರೆ ಇನ್ನೂ ಹೆಚ್ಚು. ಇದು ಅಂದಾಜು ಲೆಕ್ಕ, ಎಲ್ಲ ಸಲ ಹೀಗೇ ಅಂತ ಹೇಳಲಾರೆ. ಆದರೆ ಹಸುವಿನಲ್ಲಿ ಕರೆಂಟ್ ಮುಂಗಾಲಿಂದ ಹಿಂಗಾಲಿಗೆ ಎದೆ ದಾಟಿ ಹೋಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಲಿನಿಂದ ಕಾಲಿಗೇ ಹೋಗುತ್ತದೆ.

ಅದೇ ಯಜಮಾನರು ಆಮೇಲೆ ಮಿಂಚುಕಂಬ ಹಾಕಿಸಿದರು. ಕಂಬದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ಗುಂಡಿ ಕೊಟ್ಟಿಗೆ ಪಕ್ಕ ಇರಲಿ ಅಂದರು. ಗಂಜಲದಿಂದ ಅಲ್ಲಿ ಸದಾ ತೇವ ಇರುತ್ತದಲ್ವಾ, ನೀರು ಹಾಕುವ ಕೆಲಸ ತಪ್ಪುತ್ತದೆ ಅಂತ. ನಾನು ಒಪ್ಪಲಿಲ್ಲ. ಹಿಂದಿನ ದರೆ ಕಡೆ ತೆಗೆಸಿದೆ. ಕೊಟ್ಟಿಗೆಯಲ್ಲಿ ಆಗ ಎರಡು ಕರುಗಳಿದ್ದವು.