ಕರಾವಳಿಯ ಸೆಕೆಯೂ ಪಗ್‌ನ ಗೊರಕೆಯೂ

ಏಪ್ರಿಲ್‌ನ ಒಂದು ಸಂಜೆ ಮಂಗಳೂರಿನ ಕದ್ರಿ ಕಡೆಯ ದಂಪತಿ ತಮ್ಮ ಎರಡು ವರ್ಷದ ಪಗ್ ನಾಯಿಯನ್ನು ಎತ್ತಿಕೊಂಡು ಚಿಕಿತ್ಸಾಲಯಕ್ಕೆ ಓಡಿ ಬಂದರು. ಮನೆಯಲ್ಲಿ ಕರೆಂಟು ಹೋಗಿ ಎರಡು ಗಂಟೆಯಾಗಿತ್ತಂತೆ. ನಾಲಗೆ ನೀಲಿಗಟ್ಟಿತ್ತು, 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕಾದ ಮೈಯ ಬಿಸಿ 41 ದಾಟಿತ್ತು. ಮೈಗೆಲ್ಲ ನೀರು ಸುರಿದು, ಫ್ಯಾನ್ ಹಿಡಿದು, ಆಮ್ಲಜನಕ ಕೊಟ್ಟು ಹೇಗೋ ಉಳಿಸಿಕೊಂಡೆವು. ಮೊದಲು ಉಸಿರಾಟದ ತೊಂದರೆ ಇತ್ತೇ ಎಂದು ಕೇಳಿದೆ. "ಏನೂ ಇಲ್ಲ ಡಾಕ್ಟ್ರೇ, ಗೊರಕೆ ಮಾತ್ರ. ಪಗ್ ಅಲ್ಲವೇ?" ಎಂದರು ಆಕೆ.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಲೆಮಾರುಗಳಿಂದ ಗಿಡ್ಡ ಮೂತಿಯ ನಾಯಿಗಳನ್ನೇ ಆರಿಸಿ ಕೂಡಿಸಿದ್ದರಿಂದ ಪಗ್‌ನ ಮುಖದ ಮೂಳೆ ಕುಗ್ಗಿದೆ, ಒಳಗಿನ ಮಾಂಸ ಅಷ್ಟು ಕುಗ್ಗಿಲ್ಲ. ಮೂಗಿನ ಹೊಳ್ಳೆ ಸೀಳಿನಷ್ಟೇ ಉಳಿದಿದೆ. ಉದ್ದವಾದ ಮೃದು ಅಂಗುಳು ಶ್ವಾಸನಾಳದ ಬಾಯಿಗೆ ಜೋತು ಬೀಳುತ್ತದೆ. ಗೊರಕೆ ಆ ಅಡ್ಡಿಯ ಸದ್ದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಅದು ತಣ್ಣಗಾಗಬೇಕು. ಅಂಗಳದಲ್ಲಿ ಹಾಕಿದ ಬಟ್ಟೆಯೇ ಬೇಗ ಆರದ ನಮ್ಮೂರಿನ ಸೆಕೆಯಲ್ಲಿ ನಾಲಗೆಯ ತೇವವಾದರೂ ಹೇಗೆ ಆರಬೇಕು? ಉಸಿರಿನ ದಾರಿಯೂ ಮುಚ್ಚಿದ್ದರೆ ಎರಡು ಗಂಟೆಯ ಕರೆಂಟು ಕಡಿತವೇ ಸಾಕು, ಜೀವ ಹೋಗಲು.

ಶ್ವಾನ ಪ್ರದರ್ಶನಗಳಲ್ಲಿ ತೀರ್ಪುಗಾರರು ಮೆಚ್ಚಿದ ರೂಪವೇ ಮುಂದಿನ ಪೀಳಿಗೆಯ ಅಚ್ಚಾಗುತ್ತದೆ. ಗೆದ್ದ ಗಂಡಿಗೆ ಎಲ್ಲೆಡೆಯಿಂದ ಬೇಡಿಕೆ. ಅದರ ದೋಷವೂ ನೂರಾರು ಮರಿಗಳಿಗೆ ಹಂಚಿಹೋಗುತ್ತದೆ. 2008ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರವೊಂದು ಇದನ್ನು ಬಯಲಿಗೆಳೆದಾಗ ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವೆದ್ದು, ಜಾತಿನಾಯಿಗಳ ನೋಂದಣಿ ಮಾಡುವ ಅಲ್ಲಿನ ಸಂಸ್ಥೆಯಾದ ಕೆನಲ್ ಕ್ಲಬ್ ತಳಿಗಳ ಮಾನದಂಡಗಳನ್ನು ತಿದ್ದಬೇಕಾಯಿತು. ಇಂದು ಕೇಂಬ್ರಿಡ್ಜ್‌ನಲ್ಲಿ ರೂಪಿಸಿದ ಪರೀಕ್ಷೆಯೊಂದು ಅಲ್ಲಿ ಬಳಕೆಯಲ್ಲಿದೆ: ನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ಮೊದಲೂ ನಂತರವೂ ಸ್ಟೆತಸ್ಕೋಪಿನಲ್ಲಿ ಉಸಿರು ಕೇಳುವುದು. ಖರ್ಚಿಲ್ಲದ ಈ ಕೆಲಸವನ್ನು ನಮ್ಮ ಪಶುವೈದ್ಯರೂ ಮಾಡಬಲ್ಲರು, ತಳಿಗಾರರು ಮಾಡಿಸಲೇಬೇಕು.

ಜರ್ಮನ್ ಶೆಫರ್ಡ್‌ನ ಸೊಂಟದ ಕೀಲು, ಡ್ಯಾಶ್‌ಹುಂಡ್‌ನ ಬೆನ್ನು, ಹೆರಿಗೆಗೆ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುವ ಬುಲ್‌ಡಾಗ್, ಇವೆಲ್ಲವೂ ಇದೇ ಕತೆ.

ಜಾತಿನಾಯಿ ಕೊಳ್ಳುವವರು ಸಾಮಾನ್ಯವಾಗಿ ಸರ್ಟಿಫಿಕೇಟ್ ಇದೆಯೇ ಎಂದು ಕೇಳುತ್ತಾರೆ. ಆ ಕಾಗದ ಹೇಳುವುದು ವಂಶಾವಳಿಯನ್ನು, ಆರೋಗ್ಯವನ್ನಲ್ಲ. ತಾಯಿನಾಯಿಯನ್ನು ನೋಡಿ. ಅದು ನಿಮ್ಮೆದುರು ಓಡಾಡಲಿ, ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಉಸಿರಾಡುತ್ತದೆಯೇ ಗಮನಿಸಿ. 2017ರ ಕೇಂದ್ರದ ನಿಯಮಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮೊದಲು ಮರಿ ಹಾಕಿಸುವಂತಿಲ್ಲ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬೇಡಿ.

ಕದ್ರಿಯ ಆ ಪಗ್‌ಗೆ ಮರುತಿಂಗಳು ಹೊಳ್ಳೆ ಅಗಲಿಸಿ, ಅಂಗುಳನ್ನು ಕತ್ತರಿಸಿ ಸರಿಪಡಿಸಿದೆವು. ಹೊಲಿಗೆ ಮಾದ ಮೇಲೆ ಸದ್ದಿಲ್ಲದೆ ಮಲಗತೊಡಗಿತು. ಅದರ ಒಡಹುಟ್ಟಿದ ಗಂಡಿಗೆ ಪ್ರದರ್ಶನವೊಂದರಲ್ಲಿ ಟ್ರೋಫಿ ಬಂದಿತ್ತಂತೆ. ಇನ್ನು ಇದಕ್ಕೂ ಮರಿ ಹಾಕಿಸಬಹುದೇ ಎಂದು ಯಜಮಾನರು ಕೇಳಿದರು. ಬೇಡವೆಂದೆ. ನಾವು ಸರಿಪಡಿಸಿದ್ದು ಈ ಒಂದು ಮೂಗನ್ನು ಮಾತ್ರ. ಮರಿಗಳು ಹುಟ್ಟುವುದು ಹಳೆಯ ಮೂಗಿನೊಂದಿಗೇ.